ಬೀಗದ ಕೈ ಯಾರ ಸೊಂಟದಲ್ಲಿದೆ?

ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಡವಳಿ ಪುಸ್ತಕ. ಈ ಮೂರು ಪುಸ್ತಕಗಳನ್ನು ನಂಬಿಕೊಂಡೇ ನಮ್ಮ ಸ್ವಸಹಾಯ ಸಂಘಗಳು ಬೆಳೆದು ಬಂದವು. 1992ರಲ್ಲಿ ನಬಾರ್ಡ್ ಸಂಸ್ಥೆ ಸಂಘಗಳನ್ನು ಬ್ಯಾಂಕಿನೊಡನೆ ಜೋಡಿಸುವ ಕಾರ್ಯಕ್ರಮಕ್ಕೆ ಕೈಹಾಕಿದಾಗ, 2000-01ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದಾಗ, ಹೆಂಗಸರ ಕೈಗೆ ದುಡ್ಡಿನ ಲೆಕ್ಕ ಕೊಟ್ಟರೆ ಉಳಿದೀತೆ ಎಂದು ಕೊಂಕು ನುಡಿದವರು ಕಡಿಮೆಯಿರಲಿಲ್ಲ. ಲೆಕ್ಕ ಉಳಿಯಿತು, ಸಂಘಗಳೂ ಉಳಿದವು. ಇದರಲ್ಲಿ ಪವಾಡವೇನೂ ಇಲ್ಲ. ಪುಸ್ತಕ ನಮ್ಮ ಕೈಯಲ್ಲಿತ್ತು. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕಿತ್ತು. ಸಭೆಯಲ್ಲಿ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುವ ಪದ್ಧತಿಯಿತ್ತು.

ಈಗ ಎಷ್ಟೋ ಸಂಘಗಳಿಗೆ ಇನ್ನೊಂದು ಬಗೆಯ ಖಾತೆ ಬಂದಿದೆ. ಅದಕ್ಕೆ ಪುಸ್ತಕವಿಲ್ಲ, ಎರಡು ಸಹಿಯಿಲ್ಲ, ಓದಿ ಹೇಳುವ ಪದ್ಧತಿಯೂ ಇಲ್ಲ. ಸಂಘದ ಹೆಸರಿನ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆ, ಯೂಟ್ಯೂಬ್ ಚಾನೆಲ್, ಕೆಲವೆಡೆ ಎಕ್ಸ್ ಕೂಡ. ಚಟ್ನಿಪುಡಿ, ಹುರಿಹಿಟ್ಟು, ಬಟ್ಟೆ ಚೀಲ ಮಾರುವವರಿಗೆ ಇಂದು ಅದೇ ಸಂತೆ. ಆ ಸಂತೆಯಲ್ಲಿ ಹೊತ್ತಿಗೆ ಸರಿಯಾಗಿ ಕಾಣಿಸಿಕೊಳ್ಳಬೇಕಾದ ಪೋಸ್ಟ್ ಕಾಣಿಸದೆ ಹೋದರೆ ಏನು ಮಾಡಬೇಕು, ಯಾರನ್ನು ಕೇಳಬೇಕು? ಇದೊಂದು ಚಿಕ್ಕ ತಾಂತ್ರಿಕ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಪ್ರಶ್ನೆಯ ಬಾಲ ಹಿಡಿದು ಹೋದರೆ ಕೊನೆಗೆ ಎದುರಾಗುವುದು ನಮ್ಮ ಅಜ್ಜಿಯರ ಕಾಲದ ಪ್ರಶ್ನೆಯೇ: ಬೀಗದ ಕೈ ಯಾರ ಸೊಂಟದಲ್ಲಿದೆ?

ಮೊದಲು ನಮ್ಮ ಸುತ್ತಲ ಸ್ಥಿತಿಯನ್ನು ನೋಡೋಣ. ಪೀಣ್ಯದಲ್ಲಿ ಲೇತುಗಳ ಸದ್ದು ಕೇಳಲಾರಂಭಿಸಿ ಅರ್ಧ ಶತಮಾನವಾಗುತ್ತ ಬಂತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಜಾಗದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಐ.ಟಿ. ಪಾರ್ಕ್ ಎದ್ದಿತು. ಲಗ್ಗೆರೆ, ಹೆಗ್ಗನಹಳ್ಳಿಯ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಕಾಡುಗೋಡಿ, ವರ್ತೂರಿನವರು ಅಪಾರ್ಟ್‌ಮೆಂಟುಗಳ ಮನೆಗೆಲಸಕ್ಕೆ. ಹೆಬ್ಬಗೋಡಿ, ಚಂದಾಪುರದವರು ಕಂಪನಿಗಳ ಕ್ಯಾಂಟೀನಿಗೆ, ಕಸಗುಡಿಸುವ ಗುತ್ತಿಗೆಗೆ. ಉಳಿದ ಹೊತ್ತಿನಲ್ಲಿ ಸಂಘದ ಕೆಲಸ. ಉಳಿದ ಹೊತ್ತು ಎಂದರೇನು ಎಂದು ಮನೆಯಲ್ಲಿ ಕೊನೆಯಲ್ಲಿ ಉಣ್ಣುವ ಹೆಂಗಸಿಗೆ ವಿವರಿಸಬೇಕಾಗಿಲ್ಲ.

ನಮ್ಮ ಸರಕನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದೇ ಅಪಾರ್ಟ್‌ಮೆಂಟಿನವರು, ಅದೇ ಕಂಪನಿಗಳಲ್ಲಿ ದುಡಿಯುವವರು. ಅವರು ಫೋನು ನೋಡುವುದು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಮೆಟ್ರೊ ರೈಲು 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೂ ಬಂದ ಮೇಲೆ ಆ ದಾರಿ ಪೂರ್ತಿ ಕಣ್ಣು ಫೋನಿನ ಮೇಲೆಯೇ. ಇಲ್ಲವಾದರೆ ರಾತ್ರಿ ಊಟವಾದ ಮೇಲೆ. ಆ ಎರಡು ಹೊತ್ತಿನಲ್ಲಿ ನಾವೇನು ಮಾಡುತ್ತಿರುತ್ತೇವೆ? ಬೆಳಿಗ್ಗೆ ನೀರು ಹಿಡಿಯುತ್ತ, ಡಬ್ಬಿ ಕಟ್ಟುತ್ತ, ಫ್ಯಾಕ್ಟರಿ ಗಾಡಿಗೆ ಓಡುತ್ತಿರುತ್ತೇವೆ. ಎಷ್ಟೋ ಕಡೆ ಮೆಷಿನ್ ಮುಂದೆ ಕೂತ ಮೇಲೆ ಫೋನು ಮುಟ್ಟುವ ಹಾಗಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತಿರುತ್ತೇವೆ.

ಇದಕ್ಕೊಂದು ದಾರಿಯಿದೆ. ಭಾನುವಾರ ಮಧ್ಯಾಹ್ನ ಒಂದು ತಾಸು ಕೂತು, ವಾರಕ್ಕೆ ಬೇಕಾದ ಚಿತ್ರ, ಬರಹಗಳನ್ನು ಸಿದ್ಧಪಡಿಸಿ, ಇಂಥ ದಿನ ಇಂಥ ಹೊತ್ತಿಗೆ ತಾನಾಗಿ ಪ್ರಕಟವಾಗಲಿ ಎಂದು ಇಟ್ಟುಬಿಡುವುದು. ಇದನ್ನೇ ಶೆಡ್ಯೂಲ್ ಮಾಡುವುದು ಎನ್ನುತ್ತಾರೆ. ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಂಗೂ ಒಟ್ಟಿಗೆ ಹೀಗೆ ಇಡಲು ಮೆಟಾ ಕಂಪನಿಯದೇ ಬಿಸಿನೆಸ್ ಸೂಟ್ ಎಂಬ ಉಚಿತ ಸಾಧನವಿದೆ. ನಾಲ್ಕೈದು ಜಾಲಗಳಿಗೆ ಒಮ್ಮೆಗೇ ಕಳಿಸುವ ಬೇರೆ ಕಂಪನಿಗಳ ಸಾಧನಗಳೂ ಇವೆ. ಇದು ಸಿರಿವಂತರ ಷೋಕಿಯಲ್ಲ. ಬಿಡುವಿಲ್ಲದ ಹೆಣ್ಣಿಗೆ ರಾತ್ರಿಯೇ ಅಕ್ಕಿ ನೆನೆಹಾಕಿದಷ್ಟು ಸಹಜವಾದ ಉಪಾಯ.

ಆದರೆ ನೆನೆಹಾಕಿದ ಅಕ್ಕಿ ಬೆಳಿಗ್ಗೆ ಅಲ್ಲೇ ಇರುತ್ತದೆ. ಶೆಡ್ಯೂಲ್ ಮಾಡಿಟ್ಟ ಪೋಸ್ಟ್ ಕೆಲವೊಮ್ಮೆ ಇರುವುದಿಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ತೆಗೆದುಕೊಳ್ಳಿ. ಕೊಬ್ಬರಿ, ಬೆಲ್ಲ ಹೆಚ್ಚಿ, ಬಿಸಿಲಿಗೆ ಹಾಕಿ, ಕಡಲೆಕಾಯಿ ಬೀಜ ಹುರಿದು ಪೊಟ್ಟಣ ಕಟ್ಟುವುದು ಒಂದು ಸಂಘದ ಹತ್ತು ಹದಿನೈದು ದಿನದ ದುಡಿಮೆ. ಜನವರಿ 8ರಿಂದ ದಿನಕ್ಕೊಂದು ಪೋಸ್ಟ್ ಬರಲೆಂದು ಇಟ್ಟಿರುತ್ತಾರೆ. ಒಂದೂ ಬಂದಿರುವುದಿಲ್ಲ. ಆರ್ಡರ್ ಯಾಕೆ ಬರುತ್ತಿಲ್ಲ ಎಂದು 12ನೇ ತಾರೀಖು ಹುಡುಕಿದಾಗ ವಿಷಯ ಗೊತ್ತಾಗುತ್ತದೆ. ಸಂಕ್ರಾಂತಿ ಕಳೆದ ಮಾರನೆಯ ದಿನ ಎಳ್ಳುಬೆಲ್ಲ ಯಾರಿಗೆ ಬೇಕು? ಸರಕಿಗೆಂದು ಸಂಘದಿಂದ ತೆಗೆದ ಸಾಲ ಮಾತ್ರ ಹಾಗೇ ನಿಂತಿರುತ್ತದೆ. ಆಗ ಮನೆಯಲ್ಲೂ ಸಂಘದಲ್ಲೂ ಕೇಳಿಬರುವ ಮಾತು ಒಂದೇ: "ನಿಂಗೆ ಇದೆಲ್ಲ ಗೊತ್ತಾಗಲ್ಲ, ಬಿಡು." ಆ ಹೆಂಗಸು ಮುಂದೆಂದೂ ಆ ಫೋನನ್ನು ಮುಟ್ಟುವುದಿಲ್ಲ. ನಷ್ಟಕ್ಕಿಂತ ದೊಡ್ಡ ನಷ್ಟ ಇದು.

ನಿಜಕ್ಕೂ ಏನಾಗಿರುತ್ತದೆ? ಪೋಸ್ಟ್ ಹೋಗಲಿಲ್ಲವೆಂಬ ಸುದ್ದಿಯನ್ನು ಆ ಸಾಧನ ಬಹುಪಾಲು ಕಳಿಸಿಯೇ ಇರುತ್ತದೆ. ಕಳಿಸಿದ್ದು ಖಾತೆ ತೆರೆದವರ ಇ-ಮೇಲಿಗೆ, ಅವರ ಫೋನಿಗೆ. ಖಾತೆ ತೆರೆದವನು ಅಧ್ಯಕ್ಷೆಯ ತಂಗಿಯ ಮಗ; ಅವನೀಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಸೋಲಿನ ಸುದ್ದಿ ಅವನ ಮನೆಗೆ ಹೋಗಿದೆ, ಸೋಲು ನಮ್ಮ ಮನೆಗೆ ಬಂದಿದೆ. ಹುಡುಗ ಒಳ್ಳೆಯವನೇ ಇರಬಹುದು, ಪ್ರೀತಿಯಿಂದಲೇ ಮಾಡಿಕೊಟ್ಟಿರಬಹುದು. ಆದರೂ ಹದಿನೈದು ಹೆಂಗಸರ ಸಂತೆಯ ಬೀಗದ ಕೈ ಒಬ್ಬ ಹುಡುಗನ ಜೇಬಿನಲ್ಲಿದೆ ಎಂಬುದು ಸುಳ್ಳಾಗುವುದಿಲ್ಲ.

ಆದ್ದರಿಂದ ಗೆಳತಿಯರೆ, ಎರಡು ಕೆಲಸಗಳನ್ನು ನಾವು ಒಟ್ಟಿಗೇ ಕಲಿಯಬೇಕು. ಪೋಸ್ಟ್ ಯಾಕೆ ನಿಂತಿತೆಂದು ಪತ್ತೆ ಮಾಡುವುದು ಒಂದು. ಪತ್ತೆ ಮಾಡುವ ಅಧಿಕಾರವನ್ನು ನಮ್ಮ ಕೈಯಲ್ಲಿಟ್ಟುಕೊಳ್ಳುವುದು ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಪತ್ತೆ ಮಾಡುವುದು ಬ್ರಹ್ಮವಿದ್ಯೆಯಲ್ಲ. ಉಳಿತಾಯದ ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಸಾಲು ಸಾಲಾಗಿ ಹಿಂದಕ್ಕೆ ಹೋಗುತ್ತೇವಲ್ಲ, ಅದೇ ಕ್ರಮ. ಮೊದಲು ಕೇಳಬೇಕಾದದ್ದು: ಪೋಸ್ಟ್ ಎಲ್ಲ ಕಡೆಯೂ ಬಂದಿಲ್ಲವೋ, ಒಂದೇ ಕಡೆ ಬಂದಿಲ್ಲವೋ? ಎಲ್ಲ ಕಡೆಯೂ ಬಂದಿಲ್ಲವೆಂದರೆ ದೋಷ ನಾವು ಹೊತ್ತು ಗೊತ್ತುಮಾಡಿದ ಸಾಧನದಲ್ಲಿ ಅಥವಾ ಆ ಹೊತ್ತಿನಲ್ಲೇ ಇರುವ ಸಂಭವ ಹೆಚ್ಚು. ಫೇಸ್‌ಬುಕ್ಕಿನಲ್ಲಿ ಬಂದು ಇನ್‌ಸ್ಟಾಗ್ರಾಂನಲ್ಲಿ ಮಾತ್ರ ಬಂದಿಲ್ಲವೆಂದರೆ, ಇನ್‌ಸ್ಟಾಗ್ರಾಂ ಕೊಟ್ಟ ಅನುಮತಿಯಲ್ಲೋ ಅದರ ನಿಯಮದಲ್ಲೋ ಏನೋ ತೊಡಕಿದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಹೊತ್ತನ್ನು ನೋಡಬೇಕು. ನಮ್ಮ ಗಡಿಯಾರ ಗ್ರೀನ್‌ವಿಚ್ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದಿದೆ ಎಂದು ಶಾಲೆಯ ಭೂಗೋಳದಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರದೇಶದ ಸಾಧನವೊಂದರಲ್ಲಿ ಭಾರತದ ಸಮಯವನ್ನು ಆರಿಸದೆ ಬೆಳಿಗ್ಗೆ 6 ಎಂದು ಇಟ್ಟರೆ, ಅದು ಗ್ರೀನ್‌ವಿಚ್ಚಿನ 6 ಎಂದು ತಿಳಿದು ನಮ್ಮಲ್ಲಿ 11-30ಕ್ಕೆ ಪ್ರಕಟಿಸಬಹುದು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆಯ ಹೋಳಿಗೆಯ ಪೋಸ್ಟ್ ಮಧ್ಯಾಹ್ನದ ಊಟದ ಹೊತ್ತಿಗೆ ಬಂದರೆ ಏನು ಫಲ? ಪೋಸ್ಟ್ ತಪ್ಪಿಹೋಗಿಲ್ಲ, ತಡವಾಗಿದೆ ಅಷ್ಟೆ. ಬೆಳಿಗ್ಗೆ, ರಾತ್ರಿ ಎಂಬ ಎ.ಎಂ., ಪಿ.ಎಂ. ಗೊಂದಲವನ್ನೂ ಇಲ್ಲಿಯೇ ನೋಡಿಕೊಳ್ಳಬೇಕು.

ಮೂರನೆಯದು ಅನುಮತಿ. ಬಹಳ ಪೋಸ್ಟುಗಳು ಸಾಯುವುದು ಇಲ್ಲಿಯೇ. ನಮ್ಮ ಪರವಾಗಿ ಪೋಸ್ಟ್ ಹಾಕಲು ಬೇರೆ ಕಂಪನಿಯ ಸಾಧನಕ್ಕೆ ಫೇಸ್‌ಬುಕ್ಕೋ ಲಿಂಕ್ಡ್‌ಇನ್ನೋ ಒಂದು ಗುಪ್ತ ಚೀಟಿ ಕೊಟ್ಟಿರುತ್ತದೆ. ಅದನ್ನು ಟೋಕನ್ ಎನ್ನುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬರುವ ಮೊದಲು ನಾವು ಕೊಳ್ಳುತ್ತಿದ್ದ ಬಸ್ಸಿನ ತಿಂಗಳ ಪಾಸನ್ನು ನೆನಪಿಸಿಕೊಳ್ಳಿ. ಅವಧಿ ಮುಗಿದ ಪಾಸಿನ ಮೇಲೆ ನಮ್ಮದೇ ಫೋಟೊ, ನಮ್ಮದೇ ಹೆಸರು ಇದ್ದರೂ ಕಂಡಕ್ಟರು ಕೆಳಗಿಳಿಸುತ್ತಿದ್ದ. ಇದೂ ಹಾಗೆಯೇ. ಕೆಲವು ಜಾಲಗಳಲ್ಲಿ ಈ ಚೀಟಿಯ ಆಯುಸ್ಸು ಸುಮಾರು 60 ದಿನ. ನಡುವೆ ಪಾಸ್‌ವರ್ಡ್ ಬದಲಾಯಿಸಿದರೂ ಅದು ರದ್ದಾಗಬಹುದು. ಪುಟವನ್ನು ಜೋಡಿಸಿದವರನ್ನು ಅಡ್ಮಿನ್ ಸ್ಥಾನದಿಂದ ತೆಗೆದರೂ ಕೊಂಡಿ ಕಳಚುತ್ತದೆ. ಪರಿಹಾರವೇನೋ ಸುಲಭ: ಸಾಧನದೊಳಗೆ ಹೋಗಿ ಖಾತೆಯನ್ನು ಮತ್ತೊಮ್ಮೆ ಜೋಡಿಸಬೇಕು. ಆದರೆ ಜೋಡಿಸುವಾಗ ಪಾಸ್‌ವರ್ಡ್ ಬೇಕು, ಒಟಿಪಿ ಬೇಕು. ಒಟಿಪಿ ಬರುವುದು ಯಾರ ಫೋನಿಗೆ? ನೋಡಿ, ಮತ್ತೆ ಅಲ್ಲಿಗೇ ಬಂದೆವು.

ನಾಲ್ಕನೆಯದು ಒಂದೊಂದು ಜಾಲದ ನಿಯಮ. ನೆರೆಮನೆಗೂ ನಮ್ಮ ಮನೆಗೂ ಮಡಿ ಮೈಲಿಗೆ ಬೇರೆ ಇದ್ದಂತೆ ಇವುಗಳದೂ ಬೇರೆ ಬೇರೆ. ಇನ್‌ಸ್ಟಾಗ್ರಾಂಗೆ ಸಾಧನಗಳ ಮೂಲಕ ತಾನಾಗಿ ಪೋಸ್ಟ್ ಹೋಗಬೇಕಾದರೆ ಖಾತೆ ವೃತ್ತಿಪರ ಬಗೆಯದಾಗಿರಬೇಕು. ಹಾಗೆ ಬದಲಾಯಿಸಲು ಹಣ ಕೊಡಬೇಕಾಗಿಲ್ಲ. ಖಾಸಗಿ ಖಾತೆಯಾದರೆ ಅನೇಕ ಸಾಧನಗಳು "ಹೊತ್ತಾಯಿತು, ಈಗ ನೀವೇ ಹಾಕಿ" ಎಂದು ಫೋನಿಗೆ ಒಂದು ನೆನಪೋಲೆ ಕಳಿಸಿ ಸುಮ್ಮನಾಗುತ್ತವೆ. ಫೋನು ಫ್ಯಾಕ್ಟರಿಯ ಲಾಕರಿನಲ್ಲಿದ್ದರೆ ಆ ನೆನಪೋಲೆ ಯಾರಿಗೆ? ಅತಿ ಉದ್ದದ ಅಥವಾ ಅತಿ ಅಗಲದ ಚಿತ್ರವನ್ನು ಇನ್‌ಸ್ಟಾಗ್ರಾಂ ಒಪ್ಪದಿರಬಹುದು. ಅದೇ ಮಾತನ್ನು ಅಕ್ಷರವೂ ಬದಲಾಗದಂತೆ ಮತ್ತೆ ಹಾಕಿದರೆ ಎಕ್ಸ್ ತಿರಸ್ಕರಿಸುತ್ತದೆ. ಯೂಟ್ಯೂಬಿನಲ್ಲಿ ಶೆಡ್ಯೂಲ್ ಮಾಡಿದ ವಿಡಿಯೊ ಆ ಹೊತ್ತು ಬರುವ ತನಕ ಖಾಸಗಿಯಾಗಿಯೇ ಇರುತ್ತದೆ. ಬೇರೆಯವರಿಗೆ ಕಾಣಲಿಲ್ಲವೆಂದು ಗಾಬರಿಬಿದ್ದು ಮತ್ತೊಮ್ಮೆ ಏರಿಸುವ ಅಗತ್ಯವಿಲ್ಲ.

ಕನ್ನಡದಲ್ಲಿ ಬರೆಯುವ ನಮಗೆ ಇನ್ನೆರಡು ತೊಡಕುಗಳಿವೆ. ಇವನ್ನು ಇಂಗ್ಲಿಷಿನ ತರಬೇತಿಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿ ತಂದದ್ದನ್ನು ಹಾಗೇ ಅಂಟಿಸಿದರೆ ಜಾಲದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. "ಯೂನಿಕೋಡ್‌ನಲ್ಲಿ ಕೊಡಿ" ಎಂದು ಅಂಗಡಿಯವನಿಗೆ ಹೇಳಿದರೆ ಸಾಕು. ಎರಡನೆಯದು ಅಕ್ಷರಗಳ ಎಣಿಕೆ. ಎಕ್ಸ್‌ನಲ್ಲಿ ಸಾಮಾನ್ಯ ಖಾತೆಯ ಒಂದು ಪೋಸ್ಟಿಗೆ 280 ಅಕ್ಷರಗಳ ಮಿತಿ. "ಸ್ತ್ರೀಶಕ್ತಿ" ಎಂದರೆ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯಂತ್ರ ವ್ಯಂಜನ, ಒತ್ತು, ಗುಣಿತಗಳನ್ನೆಲ್ಲ ಬೇರೆ ಬೇರೆ ಎಣಿಸುವುದರಿಂದ ಅದರ ಲೆಕ್ಕದಲ್ಲಿ ಅದು 11. ಫೇಸ್‌ಬುಕ್ಕಿನಲ್ಲಿ ಸಲೀಸಾಗಿ ಹೋದ ಬರಹ ಎಕ್ಸ್‌ನಲ್ಲಿ ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬರೆದವಳ ಬುದ್ಧಿಯಲ್ಲಿ ಕೊರತೆಯೇನೂ ಇಲ್ಲ.

ಕೆಲವೊಮ್ಮೆ ಜಾಲವೇ ಕುಸಿದಿರುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆಯ ಸುಮಾರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಲೋಕದಾದ್ಯಂತ ನಿಂತುಹೋದವು. ಮತ್ತೆ ಬರಲು ಸುಮಾರು 6 ಗಂಟೆ ಹಿಡಿಯಿತು. ದಿನನಿತ್ಯದ ನಿರ್ವಹಣೆಯ ವೇಳೆ ಕಂಪನಿಯ ಒಳಗಿನವರೇ ಕೊಟ್ಟ ಒಂದು ಆದೇಶದಿಂದ ಅದರ ಕೇಂದ್ರಗಳ ನಡುವಿನ ಸಂಪರ್ಕ ಕಡಿದಿತ್ತು. 2024ರ ಮಾರ್ಚ್ 5ರಂದೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೆಲಹೊತ್ತು ಕೈಕೊಟ್ಟವು. ಅಂಥ ಹೊತ್ತಿನಲ್ಲಿ ಸುಮ್ಮನೆ ಕಾಯುವುದೇ ಸರಿಯಾದ ಕೆಲಸ. ಗಾಬರಿಯಲ್ಲಿ ಐದು ಸಲ ಒತ್ತಿದರೆ ಜಾಲ ಮರಳಿದಾಗ ಐದೂ ಪ್ರಕಟವಾಗಿ ಗಿರಾಕಿಗಳ ಮುಂದೆ ನಗೆಪಾಟಲು. ಒಂದು ಮಾತು ಗಮನಿಸಿ. ಆ ರಾತ್ರಿ ಆ ಇಂಜಿನಿಯರುಗಳಿಗೆ ಯಾರೂ "ನಿಮಗೆ ಇದೆಲ್ಲ ಗೊತ್ತಾಗಲ್ಲ, ಹೋಗಿ ಅಡುಗೆ ಮಾಡಿ" ಎನ್ನಲಿಲ್ಲ. ದೋಷ ಎಲ್ಲಿದೆ ಎಂದು ಹುಡುಕಿದರು, ಸರಿಪಡಿಸಿದರು. ಅಷ್ಟೇ ಮರ್ಯಾದೆ ಲಗ್ಗೆರೆಯ ಸಂಘದ ಕಾರ್ಯದರ್ಶಿಗೂ ಸಲ್ಲಬೇಡವೆ?

ನಿಯಮಗಳೂ ನಿಂತ ನೀರಲ್ಲ. 2018ರ ಆಗಸ್ಟಿನಿಂದ ಬೇರೆ ಕಂಪನಿಗಳ ಸಾಧನಗಳು ಫೇಸ್‌ಬುಕ್ಕಿನ ಖಾಸಗಿ ಪ್ರೊಫೈಲಿಗೆ ತಾವಾಗಿ ಪೋಸ್ಟ್ ಹಾಕುವಂತಿಲ್ಲ. ಸಂಘಕ್ಕೆ ಪ್ರತ್ಯೇಕ ಪುಟವೇ ಬೇಕು. 2024ರ ಏಪ್ರಿಲಿನಿಂದ ಫೇಸ್‌ಬುಕ್ ಗ್ರೂಪುಗಳಿಗೂ ಆ ದಾರಿ ಮುಚ್ಚಿತು. ಅಪಾರ್ಟ್‌ಮೆಂಟುಗಳ, ಬಡಾವಣೆಗಳ ಗ್ರೂಪುಗಳನ್ನೇ ನಂಬಿದ್ದವರು ಅಲ್ಲಿಗೆ ಈಗ ಕೈಯಾರೆ ಹಾಕಬೇಕು. 2023ರಲ್ಲಿ ಟ್ವಿಟರ್ ತನ್ನ ಉಚಿತ ಸಂಪರ್ಕವನ್ನು ಬಿಗಿಗೊಳಿಸಿ, ಅದೇ ವರ್ಷ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಟಿಕ್‌ಟಾಕ್ 2020ರ ಜೂನ್ 29ರಂದು ಸರ್ಕಾರದ ಆದೇಶದಿಂದ ನಮ್ಮ ದೇಶದಲ್ಲಿ ನಿಂತಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಆರಂಭಗೊಂಡ ಕೂ 2024ರ ಜುಲೈನಲ್ಲಿ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಆದ್ದರಿಂದ ಚಿತ್ರ, ಬರಹ, ಗಿರಾಕಿಗಳ ನಂಬರು ಇವುಗಳ ಒಂದು ಪ್ರತಿ ನಮ್ಮ ಬಳಿಯೇ ಇರಬೇಕು. ಬಾಡಿಗೆ ಮನೆಯ ಗೋಡೆಗೆ ಚಿನ್ನ ಹೂತಿಡುವವರುಂಟೆ?

ಇಷ್ಟೆಲ್ಲ ತಿಳಿದಿದ್ದರೂ ಬೀಗದ ಕೈ ಇಲ್ಲದಿದ್ದರೆ ಪ್ರಯೋಜನವಿಲ್ಲ. ಈ ಪತ್ರಿಕೆಯ ಓದುಗರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಕೆಲವು ಮನೆಗಳಲ್ಲಿ ಬೀಗದ ಕೈ ಹಿಡಿದವನು ಪ್ರೀತಿಯ ಅಕ್ಕನ ಮಗನಾಗಿರುವುದಿಲ್ಲ, ಗಂಡನಾಗಿರುತ್ತಾನೆ. ಹೆಂಡತಿಯ ಹೆಸರಿನ ಪುಟ, ಅವನ ಫೋನಿನ ನಂಬರು. ಜಗಳವಾದ ದಿನ ಪಾಸ್‌ವರ್ಡ್ ಬದಲಾಗುತ್ತದೆ, ಇಟ್ಟ ಪೋಸ್ಟುಗಳು ಅಳಿಸಿಹೋಗುತ್ತವೆ, ಗಿರಾಕಿಗಳಿಗೆ ಬೇಡದ ಉತ್ತರ ಹೋಗುತ್ತದೆ. ಹೊರಗಿನವರಿಗೆ ಇದು "ಟೆಕ್ನಿಕಲ್ ಪ್ರಾಬ್ಲಂ." 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಾದ ಕೌಟುಂಬಿಕ ಹಿಂಸೆಯ ಕಾಯಿದೆ ಹೊಡೆತ ಬಡಿತವನ್ನು ಮಾತ್ರ ಹಿಂಸೆಯೆಂದು ಕರೆದಿಲ್ಲ, ಹೆಣ್ಣಿಗೆ ಹಕ್ಕಾಗಿ ಸಲ್ಲಬೇಕಾದ ಹಣಕಾಸಿನ ಆಸರೆಯನ್ನು ಕಿತ್ತುಕೊಳ್ಳುವುದನ್ನೂ ಆರ್ಥಿಕ ಹಿಂಸೆಯೆಂದು ಎಣಿಸಿದೆ. ತಾಳಿಯ ಚಿನ್ನ, ಹೊಲಿಗೆ ಯಂತ್ರ ಕಿತ್ತುಕೊಂಡರೆ ನಾವು ಗುರುತಿಸುತ್ತೇವೆ. ದುಡಿಮೆಯ ಖಾತೆಯ ಬೀಗದ ಕೈ ಕಿತ್ತುಕೊಂಡದ್ದನ್ನೂ ಅದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ಅಂಥ ಸೋದರಿಯರು 181 ಮಹಿಳಾ ಸಹಾಯವಾಣಿಗೆ ಹೇಳಿಕೊಳ್ಳುವಾಗ ಈ ಮಾತನ್ನೂ ಹೇಳಬೇಕು, ಸಂಕೋಚಪಡಬಾರದು.

ಮತ್ತೂ ಒಂದಿದೆ. ಸಂಘದ ಹೆಂಗಸೊಬ್ಬಳು ಹಿಂಸೆ ತಾಳಲಾರದೆ ಮನೆಬಿಟ್ಟು ಬಂದಳೆನ್ನಿ. ಹಿಂದಿನ ವಾರ ಇಟ್ಟ ಪೋಸ್ಟುಗಳು ಸರದಿಯಲ್ಲಿ ನಿಂತೇ ಇರುತ್ತವೆ. ಅವಳ ನಗುಮುಖದ ಚಿತ್ರ, "ಗುರುವಾರ 4 ಗಂಟೆಗೆ ಇಂಥ ಜಾಗದಲ್ಲಿ ನಮ್ಮ ಮಳಿಗೆಗೆ ಬನ್ನಿ" ಎಂಬ ಕರೆ ತಾನಾಗಿ ಪ್ರಕಟವಾಗುತ್ತದೆ. ಅವಳನ್ನು ಹುಡುಕುತ್ತಿರುವವನಿಗೆ ವಿಳಾಸ ಕೊಟ್ಟವರು ಯಾರು? ನಾವೇ. ಅವಳು ಗಂಡನ ಫೋನಿನಲ್ಲಿ ಯಾವಾಗಲೋ ಸಂಘದ ಪುಟ ತೆರೆದಿದ್ದರೆ, ನಮ್ಮ ಒಳಮಾತುಗಳೂ ಅವನ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಅಂಥ ದಿನ ಸಂಘ ಮೊದಲು ಮಾಡಬೇಕಾದದ್ದು ಸರದಿಯನ್ನು ನಿಲ್ಲಿಸುವುದು, ಅವಳ ಚಿತ್ರವಿರುವ ಪೋಸ್ಟುಗಳನ್ನು ತೆಗೆಯುವುದು, ಪಾಸ್‌ವರ್ಡ್ ಬದಲಿಸಿ ಎಲ್ಲ ಫೋನುಗಳಿಂದಲೂ ಖಾತೆಯನ್ನು ಹೊರಬರಿಸುವುದು. ಸಂಘದಲ್ಲಿ ಸಾವು ಸಂಭವಿಸಿದಾಗಲೂ ಹಾಗೆಯೇ. ಯಂತ್ರಕ್ಕೆ ಸೂತಕ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆಯೇ ಹಬ್ಬದ ರಿಯಾಯಿತಿ ಸಾರುತ್ತದೆ. ಅದನ್ನು ತಡೆಯುವ ಕೈ ನಮ್ಮದೇ ಆಗಿರಬೇಕು. ಪೋಸ್ಟ್ ಹೋಗುವಂತೆ ಮಾಡುವುದಷ್ಟೇ ಅಲ್ಲ, ನಿಲ್ಲಿಸಲು ಬರುವುದೂ ವಿದ್ಯೆಯೇ.

"ಅಷ್ಟೆಲ್ಲ ಯಾಕಮ್ಮ, ಬಾಯಿಂದ ಬಾಯಿಗೆ ಹೋಗುವ ಸುದ್ದಿ ಸಾಲದೆ?" ಎಂದು ಹಿರಿಯ ಸದಸ್ಯೆಯರು ಕೇಳುತ್ತಾರೆ. ಬಾಯಿಮಾತಿನ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಾಗ ಅವರನ್ನು ಯಾವ ಶೆಡ್ಯೂಲ್ ಮಾಡಿದ ಪೋಸ್ಟೂ ಕರೆದಿರಲಿಲ್ಲ. ಆ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಸಂಕಟದ ಸುದ್ದಿಗೆ ಬಾಯಿಮಾತೇ ಲೇಸು. ಆದರೆ ದಿನನಿತ್ಯದ ವ್ಯಾಪಾರಕ್ಕೆ ಹನ್ನೆರಡನೆಯ ಮಹಡಿಯ ಗಿರಾಕಿಯ ಬಾಗಿಲನ್ನು ಬಾಯಿಮಾತು ತಟ್ಟಲಾರದು. ಕಾವಲುಗಾರ ಗೇಟಿನಲ್ಲೇ ನಿಲ್ಲಿಸುತ್ತಾನೆ.

"ಹುಡುಗರು ಮಾಡಿಕೊಡ್ತಾರಲ್ಲ" ಎನ್ನುವವರಿಗೂ ನನ್ನ ಉತ್ತರವಿದೆ. ಮಾಡಿಕೊಡಲಿ, ಸಂತೋಷ. ಬ್ಯಾಂಕಿನ ಚಲನ್ ತುಂಬಲೂ ಯಾರಾದರೂ ಸಹಾಯ ಮಾಡುತ್ತಾರೆ. ಹಾಗೆಂದು ಪಾಸ್‌ಬುಕ್ಕನ್ನು ಅವರ ಮನೆಯಲ್ಲಿ ಬಿಟ್ಟು ಬರುತ್ತೇವೆಯೆ?

ಹಾಗಾದರೆ ಮುಂದಿನ ಸಭೆಯಲ್ಲಿ ಏನು ಮಾಡಬೇಕು? ಒಂದು, ಸಂಘದ ಹೆಸರಿನಲ್ಲೇ ಇ-ಮೇಲ್, ಸಂಘದ್ದೇ ಒಂದು ಸಿಮ್ ಇರಲಿ. ಆ ಸಿಮ್ ಬಳಕೆಯಲ್ಲಿರಲಿ, ಬಹುದಿನ ಬಿಟ್ಟರೆ ನಂಬರು ರದ್ದಾಗಿ ಮುಂದೆ ಬೇರೆಯವರ ಪಾಲಾಗಬಹುದು. ಎರಡು, ಫೇಸ್‌ಬುಕ್ ಪುಟಕ್ಕೂ ಯೂಟ್ಯೂಬ್ ಚಾನೆಲ್ಲಿಗೂ ಒಬ್ಬರಿಗಿಂತ ಹೆಚ್ಚು ಜನರಿಗೆ ಅಧಿಕಾರ ಕೊಡುವ ಅವಕಾಶವಿದೆ. ಬ್ಯಾಂಕಿನ ಸಹಿಯಂತೆ ಕನಿಷ್ಠ ಇಬ್ಬರು ಸದಸ್ಯೆಯರಿಗೆ ಪೂರ್ಣ ಅಧಿಕಾರವಿರಲಿ. ಮೂರು, ಒಂದು ಪೋಸ್ಟ್ ಪುಸ್ತಕ ಇಡಿ. ಯಾವ ದಿನ, ಯಾವ ಹೊತ್ತು, ಯಾವ ಯಾವ ಜಾಲ, ಬಂತೋ ಇಲ್ಲವೋ, ಬಾರದಿದ್ದರೆ ಏನೆಂದು ತೋರಿಸಿತು, ಏನು ಮಾಡಿದೆವು. ಖಾತೆಗಳನ್ನು ಕೊನೆಯ ಸಲ ಜೋಡಿಸಿದ ತಾರೀಖನ್ನೂ ಬರೆದು 50ನೇ ದಿನಕ್ಕೆ ಮತ್ತೊಮ್ಮೆ ನೋಡಿ. ಪಾಸ್‌ವರ್ಡನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯಬೇಡಿ. ನಾಲ್ಕು, ಪೋಸ್ಟ್ ಬಂತೇ ಎಂದು ನೋಡುವ ಸರದಿಯನ್ನು ವಾರಕ್ಕೊಬ್ಬರಂತೆ ಹಂಚಿಕೊಳ್ಳಿ. ಒಬ್ಬಳ ತಲೆಗೇ ಕಟ್ಟಬೇಡಿ. ಹಬ್ಬದ ದೊಡ್ಡ ಸರಕಾದರೆ ಎರಡು ದಿನ ಮೊದಲೇ ಒಂದು ಪರೀಕ್ಷಾ ಪೋಸ್ಟ್ ಇಟ್ಟು ನೋಡಿ.

ಎಚ್ಚರಿಕೆಯೂ ಬೇಕು. ಪೋಸ್ಟ್ ನಿಂತ ಹೊತ್ತಿನಲ್ಲೇ "ನಿಮ್ಮ ಪುಟ 24 ಗಂಟೆಯಲ್ಲಿ ರದ್ದಾಗಲಿದೆ, ಇಲ್ಲಿ ಒತ್ತಿ" ಎಂಬ ಸಂದೇಶ ಬಂದರೆ ಅದು ಬಹುಮಟ್ಟಿಗೆ ಕಳ್ಳರ ಬಲೆ. ಒಟಿಪಿಯನ್ನು ಯಾರಿಗೂ ಹೇಳಬಾರದು. ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ವಾಟ್ಸಾಪ್ ಗುಂಪುಗಳಿಗೆ ತಾನಾಗಿ ಸಾವಿರ ಸಂದೇಶ ಕಳಿಸುತ್ತೇವೆನ್ನುವ ಅನಧಿಕೃತ ಆ್ಯಪ್‌ಗಳನ್ನು ನಂಬಿದರೆ ಸಂಘದ ನಂಬರೇ ನಿಷೇಧಕ್ಕೆ ಒಳಗಾಗಬಹುದು.

ತರಬೇತಿ ಕೊಡುವ ಇಲಾಖೆಗಳಿಗೂ ಸಂಸ್ಥೆಗಳಿಗೂ ಒಂದು ಮಾತು. ಪುಟ ತೆರೆಯುವುದನ್ನು ಅರ್ಧ ದಿನದಲ್ಲಿ ಕಲಿಸಿ ಫೋಟೊ ತೆಗೆಸಿಕೊಂಡು ಹೋಗಬೇಡಿ. ಪುಟ ಕೈಕೊಟ್ಟಾಗ ಏನು ಮಾಡಬೇಕೆಂದು ಕನ್ನಡದಲ್ಲಿ ಕಲಿಸಿ. ದೋಷದ ಸಂದೇಶಗಳು ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತವೆ. ಅಂಥ ಇಪ್ಪತ್ತು ಸಂದೇಶಗಳ ಅರ್ಥವನ್ನು ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಸಂಘಗಳ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು? ಲೋಕಕ್ಕೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಕಟ್ಟಡಗಳ ನೆರಳಿನಲ್ಲೇ ನಮ್ಮ ಸಂಘಗಳಿವೆ. ಆ ಕಟ್ಟಡಗಳ ನೆಲ ಒರೆಸುವ ಹೆಣ್ಣುಮಕ್ಕಳಿಗೆ ತಮ್ಮದೇ ಪೋಸ್ಟ್ ಯಾಕೆ ನಿಂತಿತೆಂದು ಓದಿಕೊಳ್ಳಲು ಆಗದಿರುವುದು ನಾಚಿಕೆಯ ಸಂಗತಿ. ಆ ನಾಚಿಕೆ ನಮ್ಮದಲ್ಲ.

ನಮ್ಮ ಕೆಲಸ ಒಂದು ಪ್ರಶ್ನೆಯಿಂದ ಆರಂಭವಾಗಲಿ. ಮುಂದಿನ ಸಭೆಯಲ್ಲಿ ಉಳಿತಾಯ ಎಣಿಸಿದ ಮೇಲೆ, ಸಂಘದ ಖಾತೆಗಳ ಒಟಿಪಿ ಯಾರ ಫೋನಿಗೆ ಬರುತ್ತದೆಂದು ಒಬ್ಬೊಬ್ಬರನ್ನೂ ಕೇಳಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಆ ಹೆಸರು ಸಂಘದ ಹಾಜರಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅಂದೇ ಬದಲಿಸಲು ಠರಾವು ಮಾಡಿ.